ವಾರ್ಷಿಕ ಆದಾಯ

ಇವತ್ತೂ ಬಂದಿಲ್ಲ.
ಸಂಜಿ ಐದರ ಮ್ಯಾಲ ಅಂದಿದ್ರು, ಆಮ್ಯಾಲ ಎಂಟರ ಮ್ಯಾಲ,
ಈಗ ಹನ್ನೊಂದು.
ಪರದಿ ನಡುವ ಒಂದು ಸಣ್ಣ ಉಂಗುರ
ತಿರಗತದ, ತಿರಗತದ.
ಗಾಣದ ಎತ್ತಾಗಿದ್ದರ ಇಷ್ಟೊತ್ತಿಗಿ ನಿಂತು ನೀರು ಕೇಳತಿತ್ತು.

ಸೀಟು ಹಂಚಿಕಿ, ಮೊದಲ ಸುತ್ತು.
ನನ್ನ ಕಡೆ ಒಂದು ರ‍್ಯಾಂಕ್ ಅದ.
ನೋಟಬುಕ್ಕಿನ ಕಡೀ ಹಾಳ್ಯಾಗ ಹೋದ ವರ್ಷದ ಕಟಾಫ್ ಅದ.
ಮೊದಲು ಬೀದರಿನ ಪಶುವೈದ್ಯ ಕಾಲೇಜು,
ಆಮ್ಯಾಲ ರಾಯಚೂರಿನ ಕೃಷಿ,
ಆಮ್ಯಾಲ ಏನರೆ ಬರಲಿ ಅಂತ ಬರದ ಹನ್ನೆರಡು ಹೆಸರು.
ಮುನ್ನೂರ ಎಪ್ಪತ್ತೊಂದು ಜೆ ಕಾಗದಾನೂ ಅದ,
ಈ ನೆಲದಾಕಿ ನಾ ಅಂತ.
ನೆಲಾ ಹೇಳಿದ್ರ ಸಾಲೂದಿಲ್ಲ, ಹಸರು ಶಾಯಿ ಹೇಳಬೇಕು.

ಅವ್ವ ಕಪನೂರಿನ ದಾಲ್ ಮಿಲ್ಲಿನಾಗ
ಜರಡಿ ಮುಂದ ನಿಲ್ಲತಾಳ.
ಮನಿಗಿ ಬಂದರ ರೆಪ್ಪಿ ಮ್ಯಾಲೂ ತೊಗರಿ ಧೂಳು.
ಮೊದಲ ಜರಡಿ ಕಡ್ಡಿ-ಕಲ್ಲು ಹಿಡೀತದ,
ಎರಡನೇದು ಹೊಟ್ಟು,
ಮೂರನೇದರಾಗ ಒಡದ ಕಾಳು ಕೆಳಗ ಬೀಳತಾವ.
ಸಣ್ಣಾಕಿದ್ದಾಗ ಕೇಳಿದ್ದೆ, ಅವ್ವಾ, ನುಚ್ಚು ಎಲ್ಲಿ ಹೋಗತದ?
ಎಲ್ಲಿ ಹೋಗತದ, ಅಂದಳು,
ನಿನ್ನ ತಾಟಿನಾಗ ಅದಲ್ಲ.

ಜೂನಿನಾಗ ನಾಡಕಚೇರಿಗಿ ಹೋಗಿದ್ವಿ.
ಏನು ಕೆಲಸಾ? ಮಿಲ್ಲಿನಾಗರೀ.
ವರ್ಷಕ್ಕ ಎಷ್ಟು?
ಅವ್ವ ಬೆರಳಿನ ಗೆಣ್ಣು ಹಿಡದು ಎಣಿಸಾಕ ಹತ್ತಿದಳು,
ದಿನಕ್ಕ ನಾನೂರು, ಅದರಾಗ ಹಬ್ಬ ಕಳದು, ಜ್ವರ ಕಳದು.
ಆಕಿ ಕಿರುಬೆರಳಿಗಿ ಬರೂದರಾಗ
ಕೌಂಟರಿನ ಹುಡುಗ ಒತ್ತಿಬಿಟ್ಟಿದ್ದ:
ಇಪ್ಪತ್ತೆರಡು ಸಾವಿರ.
ನಾ ಅದನ್ನ ಜೋರಾಗಿ ಓದಿದೆ. ನಂದೇ ತಪ್ಪು.

ಇಪ್ಪತ್ತೆರಡು?
ನಾ ಏನು ಕುಂತು ಉಂಡೀನೇನು?
ಇವರಪ್ಪ ಹೋದ ಮ್ಯಾಲ ಒಂಬತ್ತು ವರ್ಷ,
ಎರಡು ಮಕ್ಕಳು, ಒಂದು ತಿಂಗಳಾ ಬಾಡಿಗಿ ತಪ್ಪಿಲ್ಲ.
ತಮ್ಮಾ, ಸರಿಯಾಗಿ ಬರಿ.

ಸಾಲಿನಾಗ ನಿಂತವರು ನಕ್ಕರು.
ಕಮ್ಮಿ ಇದ್ದಷ್ಟೂ ಛಲೋ ಅಲ್ಲೇನಬೇ, ಅಂದ ಯಾರೋ.
ನಾ ಆಕಿ ಸೆರಗು ಜಗ್ಗಿದೆ.
ಆ ಜಗ್ಗಿದ್ದು
ನನ್ನ ಕೈಯಾಗ ಇನ್ನೂ ಅದ.

ಯಾಕಂದರ ನಾನೂ ಎಣಿಸಿದ್ದೆ:
ಫೀ, ಹಾಸ್ಟೆಲ್ಲು, ಮೆಸ್ಸಿನ ಠೇವಣಿ, ಬಿಳಿ ಕೋಟು,
ದನದ ಕೊಟಗ್ಯಾಗ ಹಾಕ್ಕೊಳ್ಳೋ ಮೊಣಕಾಲುದ್ದ ಬೂಟು.
ಸ್ಕಾಲರ್‌ಶಿಪ್ ಬಂದರ ಮಾರ್ಚಿಗಿ ಬರತದಂತ,
ಕಾಲೇಜಿನವರು ಅಕ್ಟೋಬರಿಗೇ ಕೇಳತಾರಂತ.
ನಡುವಿನ ಐದು ತಿಂಗಳು ಬಡತನದಾಗ ಇದ್ದೀವಿ ಅಂತ
ಯಾವ ಕಚೇರ್ಯಾಗ ಬರಸಬೇಕು?
ಅವ್ವ ದುಡದ ಒಂದೊಂದು ದಿನಾನೂ
ಕಾಗದದ ಮ್ಯಾಲ ಅಳಿಸಿದ್ರ ನನಗ ಲಾಭ.
ಇಂಥಾ ಲೆಕ್ಕಾ ಯಾವ ಮಾಸ್ತರರೂ ಕಲಿಸಿರಲಿಲ್ಲ.

ಫರ್ಹತ್‌ದು ಫೋನು.
ಆಯಾ ಕ್ಯಾ ಗೇ?
ನೈ ಗೇ. ತೇರಾ?
ಇಬ್ಬರೂ ಸುಮ್ಮನ ಆಗತೀವಿ,
ಆಕಿ ಮನಿ ಫ್ಯಾನು ನನ್ನ ಕಿವ್ಯಾಗ ಬೀಸತದ.
ಸಿಗಲಿಲ್ಲಂದರ ಒಂದೇ ಚಿಂತಿ, ಅಂತಾಳ,
ಸಿಕ್ಕರ ನೂರು.

ತಮ್ಮ ಮಲಗ್ಯಾನ. ಶಹಾಬಾದಿ ಫರಸಿ ಮ್ಯಾಲ
ಅವ್ವ ಗ್ವಾಡಿ ಕಡೆ ಮಾರಿ ಮಾಡ್ಯಾಳ.
ನಿದ್ದಿ ಹತ್ಯಾದ ಅಂದುಕೊಂಡಿದ್ದೆ.
ಬಂತೇನು?
ಇನ್ನೂ ಇಲ್ಲಬೇ.
ಒಂದು ಲಾರಿ ಗಂಜಿನ ಕಡೆ ಹೋಗೂತನಕ ಸುಮ್ಮನಿದ್ದು,
ಆ ಹುಡುಗ ಸರಿ ಮಾಡಿದನಾ, ಆ ಕಾಗದಾ?
ಓದು ನೋಡೂಣು.

ಅಕ್ಷರಾ ಬರೂದಿಲ್ಲ, ಅಂಕಿ ಬರತಾವ ಆಕಿಗಿ,
ಅದಕ್ಕ ಪರದಿ ನನ್ನ ಎದಿ ಕಡೆ ಹೊಳ್ಳಿಸಿಕೊಂಡೆ.
ಇಪ್ಪತ್ತೆರಡು ಸಾವಿರದ ಮ್ಯಾಲ ಕಣ್ಣಿಟ್ಟು ಓದಿದೆ:
ಒಂದು ಲಕ್ಷದ ಹದಿನೆಂಟು ಸಾವಿರ.

ಹಾಂ, ಅಂದಳು.
ಆಮ್ಯಾಲ, ಗ್ವಾಡಿಗೇ ಹೇಳಿದಂಗ:
ದೀಪಾವಳಿ ಬೋನಸ್ ಹಿಡದಿಲ್ಲ ನೀ.

ಬ್ಯಾಟರಿ ಒಂಬತ್ತು ಅದ.
ಉಂಗುರ ತಿರಗತದ.