ಚಿತ್ರದಲ್ಲಿಲ್ಲದವರು

ಸೇಂಟ್ ಲೂಯಿಸಿನಿಂದ ಬಂದ ಕಾಗದದಲ್ಲಿ ಒಂದೇ ಸಾಲು:
ಕಡತ ಎಪ್ಪತ್ಮೂರರ ಬೆಂಕಿಯಲ್ಲಿ ಹೋಗಿದೆ.
ಕೆಳಗೆ ಸಹಿ, ಸಹಿಯ ಕೆಳಗೆ ವಿಷಾದ, ಅಚ್ಚಿನದು.
ಅಪ್ಪನೂ ಹೀಗೇ.
ಸೈನ್ಯದ ಮಾತೆತ್ತಿದರೆ ಎದ್ದು ಹೋಗಿ
ಒಲೆಗೆ ಕಲ್ಲಿದ್ದಲು ಸುರಿಯುತ್ತಿದ್ದ, ಜುಲೈ ತಿಂಗಳಲ್ಲೂ.

ಆಮೇಲೆ ಈ ಪುಸ್ತಕ.
ಟೊಲೀಡೊದಲ್ಲಿ ಯಾರದೋ ಮನೆ ಖಾಲಿ ಮಾಡುವ ಹರಾಜು,
ಬಾಣಲೆ, ಮೀನಿನ ಗಾಳಗಳ ಜೊತೆ ಒಂದೇ ರಟ್ಟಿನ ಪೆಟ್ಟಿಗೆಯಲ್ಲಿ,
ಹನ್ನೊಂದು ಡಾಲರಿಗೆ.
ನೀಲಿ ರೆಕ್ಸಿನ್ನಿನ ಮೇಲೆ ಚಿನ್ನದ ಬಣ್ಣದ ಟ್ಯಾಂಕು,
ಫೋರ್ಟ್ ನಾಕ್ಸ್, ಐವತ್ಮೂರರ ಫೆಬ್ರವರಿ.
ಒಳಗೆ ಶಾಯಿಯ ಹೆಸರು: ಕ್ಯಾಸಿಮಿರ್ ವೊಯ್ಟ್ಕೆವಿಚ್.
ಅಮ್ಮನಿಗೆಂದು ಕೊಂಡದ್ದು. ಅಮ್ಮ ಓದಿದ್ದಾಳೆ:
ಮಗನ ಮುಖದ ಮೇಲೆ ಬೆರಳಿಟ್ಟೂ ಇಟ್ಟೂ
ಆ ಒಂದು ಚೌಕ ಮಾತ್ರ ಬೆಳ್ಳಗಾಗಿದೆ.

ಪುಟಕ್ಕೆ ಇಪ್ಪತ್ತೈದು ಮುಖ. ಎಲ್ಲ ತಲೆಗೂ ಒಂದೇ ಕತ್ತರಿ,
ಒಂದೇ ಟೋಪಿಯೂ ಇರಬೇಕು, ಇವನಿಂದ ಕಿತ್ತು ಅವನಿಗೆ:
ದಪ್ಪ ತಲೆಗೆ ಬಿಗಿ, ಸಣ್ಣ ತಲೆಗೆ ಕಿವಿಯ ತನಕ.
ಅವರೆಯಲ್ಲಿ ಕಲ್ಲು ಆರಿಸುವ ಹಾಗೆ ಆರಿಸಿದೆ.
ಆಗ ಅಪ್ಪನಿಗೆ ಹತ್ತೊಂಬತ್ತು.
ನನ್ನ ಮೊಮ್ಮಗನಿಗಿಂತ ಚಿಕ್ಕ ಹುಡುಗನಲ್ಲಿ
ಅಪ್ಪನನ್ನು ಹೇಗೆ ಗುರುತಿಸಲಿ?

ಹೆಸರು ಸಿಕ್ಕಿತು. ಪುಟದ ತಳದಲ್ಲಿ, ಇರುವೆಸಾಲಿನಂಥ ಅಕ್ಷರದಲ್ಲಿ,
'ಚಿತ್ರದಲ್ಲಿಲ್ಲದವರು' ಎಂಬುದರಡಿ:
ಟ್ಯಾಕೆಟ್, ಓ.

ಹ್ಯಾಜರ್ಡಿನ ಗ್ರಂಥಾಲಯದ ಲೂಡೆಲ್ ಕೂಂಬ್ಸ್ ಕನ್ನಡಕ ಏರಿಸಿದಳು.
"ಇದೂ ಸಾಕ್ಷಿಯೇ. ಬಂದಿಲ್ಲ ಅನ್ನಬೇಕಾದರೆ
ಅವನು ಅಲ್ಲಿಗೆ ಸೇರಿದವನೇ ಆಗಿರಬೇಕಲ್ಲ."

ಒಂಬತ್ತು ಮುಖಗಳ ಪಕ್ಕ ಪೆನ್ಸಿಲಿನ ಶಿಲುಬೆ.
ಎರಡು ಚಳಿಗಾಲ ಅವರನ್ನು ಸತ್ತವರೆಂದೇ ಬಗೆದು
ಕೊರಿಯಾದ ಪಟ್ಟಿಗಳಲ್ಲಿ ಹುಡುಕಿದೆ.
ಕಡೆಗೆ ಒಬ್ಬ ಫೋನಿನಲ್ಲಿ ಸಿಕ್ಕ, ಡುಲುತ್‌ನಲ್ಲಿ, ಜೀವಂತ:
ಟೊಯ್ವೊ ಲಾಹ್ಟಿನೆನ್, ತೊಂಬತ್ತೊಂದು, ಕಿವಿ ಮಂದ.
"ಶಿಲುಬೆಯಾ? ಅದು ಇಸ್ಪೀಟಿನ ಬಾಕಿ ಕಣಮ್ಮ!
ಆ ಪೋಲಿಷನಿಗೆ ನಾನಿನ್ನೂ ನಾಲ್ಕು ಡಾಲರ್ ಕೊಡಬೇಕು."
ನಕ್ಕು ನಕ್ಕು ಕೆಮ್ಮಿದ.

ಟ್ಯಾಕೆಟ್? ಬಹಳ ಹೊತ್ತು ಅವನ ಮನೆಯ ಗಡಿಯಾರ ಮಾತ್ರ ಕೇಳಿಸಿತು.
"ಕೆಂಟಕಿ ಬೆಟ್ಟದವನೊಬ್ಬನಿದ್ದ. ಟ್ಯಾಕೆಟ್ಟೋ, ಹ್ಯಾಕೆಟ್ಟೋ.
ಓದಲು ಬರುತ್ತಿರಲಿಲ್ಲ ಅವನಿಗೆ.
ಮನೆಯ ಕಾಗದ ನಾನು ಓದಿ ಹೇಳುತ್ತಿದ್ದೆ, ಬಟ್ಟೆ ಒಣಗಿಸುವ ಕೋಣೆಯಲ್ಲಿ.
ಯಾರಿಗೂ ಹೇಳಬೇಡ ಅಂದಿದ್ದ.
ನಾನು ಹೇಳಲಿಲ್ಲ ನೋಡು, ಈವತ್ತಿನವರೆಗೂ."

ಅಪ್ಪ ಪ್ರತಿ ಸಂಜೆ ಪತ್ರಿಕೆ ಬಿಡಿಸಿ ಕೂರುತ್ತಿದ್ದ.
ಕಣ್ಣು ಉರಿಯುತ್ತಿದೆ, ಗಣಿಯ ಧೂಳು, ನೀನೇ ಓದು ಮಗೂ.
ಓದುತ್ತಿದ್ದೆ. ಎಷ್ಟು ಚೆನ್ನಾಗಿ ಓದುತ್ತೇನೆಂದು
ನನಗೇ ಹೆಮ್ಮೆಯಿತ್ತು.

ಐವತ್ತೆಂಟನೆಯ ಪುಟದಲ್ಲಿ ಅಡುಗೆಮನೆ.
ಆಲೂಗಡ್ಡೆ ಗುಡ್ಡೆಯ ಮುಂದೆ ಬೆನ್ನು ತಿರುಗಿಸಿ ಕೂತವನೊಬ್ಬ.
ಅಡಿಬರಹವಿಲ್ಲ. ಬಲಗಿವಿ ತುಸು ಮುಂದಕ್ಕೆ ಚಾಚಿದೆ,
ನನ್ನ ತಮ್ಮನದರ ಹಾಗೆ,
ನಮ್ಮ ಕಣಿವೆಯ ಅರ್ಧ ಗಂಡಸರ ಕಿವಿಗಳ ಹಾಗೆ.

"ಹೆಸರು ಬರೆಯಬೇಡಿ" ಅಂದಳು ಲೂಡೆಲ್,
"ಮುಂದೆ ಹುಡುಕಿ ಬರುವವರಿಗೆ ಅದೇ ಸತ್ಯವಾಗಿಬಿಡುತ್ತೆ."

ಪೆನ್ಸಿಲ್ ಚೂಪು ಮಾಡಿ ಅಂಚಿನಲ್ಲಿ ಒಂದು ಪ್ರಶ್ನೆಯ ಗುರುತು ಹಾಕಿದೆ.
ಮನೆಗೆ ಬಂದು, ಒಲೆಯ ಪಕ್ಕ ಕುರ್ಚಿ ಎಳೆದುಕೊಂಡು,
ಆ ಬೆನ್ನಿಗೆ ಕೇಳುವಷ್ಟು ಗಟ್ಟಿಯಾಗಿ
ಪುಸ್ತಕವನ್ನು ಮೊದಲಿನಿಂದ ಓದತೊಡಗಿದೆ:
ಊರು, ದಳ, ಒಬ್ಬೊಬ್ಬರ ಹೆಸರು, ನಿಧಾನವಾಗಿ.
ಲಾಹ್ಟಿನೆನ್ ಬಂದಾಗ
ನಾಲ್ಕು ಡಾಲರ್ ಬಾಕಿ ಎಂದೂ ಸೇರಿಸಿದೆ.