ಗಿರಣಿ ಹಿಂದಿನ ಖೋಲಿ

ದಾಪೋಡಿ ಸ್ಟೇಷನ್ನಿನ ಈಚೆ ಕಡೆ ನನ್ನ ಹಿಟ್ಟಿನ ಗಿರಣಿ.
ಹಿಂದ ಒಂದು ಖೋಲಿ, ತಗಡಿನ ಚಾವಣಿ.
ಬಾಡಗಿಗೆ ಕೇಳಾಕ ಬಂದವರು ನಾಕು ಹುಡುಗೂರು,
ಕರೇ ಅಂಗಿ, ಅಂಗಿ ಮ್ಯಾಲ ಜಾಲಿಕಂಟಿ ಹಂಗ ಅಕ್ಷರ.
"ಏನಿದು ಹೆಸರು?" ಅಂದೆ.
"ಓದಾಕ ಬರಬಾರ್ದು ಅಂತನ ಹಂಗ ಬರಿಯೂದು, ಕಾಕೂ,"
ಅಂದ ಶ್ರೀಪಾಲ, ಉಪಾಧ್ಯೆ ಮಾಸ್ತರರ ಮಗ.

ಕರಾರು ಒಂದ: ಗಿರಣಿ ನಡಿಯೂತನಕ ಅಷ್ಟ ನಿಮ್ಮ ಗದ್ದಲ.
ನಾಕರಿಂದ ಎಂಟು.
ಮಂದಿಗೆ ಎರಡೂ ಒಂದ ಕೇಳಿಸಬೇಕು.

ಮೊದಲನೇ ವಾರ ನನಗೂ ತಿಳೀಲಿಲ್ಲ
ಯಾವುದು ಕಲ್ಲು, ಯಾವುದು ಏಜಾಜನ ಡ್ರಮ್ಮು.
ಡಬ್ಬಿ ಹಿಡಕೊಂಡು ಕುಂತ ಬಾಯಂದರು
"ಬೇರಿಂಗ್ ಹೋಗೈತಿ ನೋಡ್ರಿ" ಅಂದ್ರು.
ಶ್ರೀಪಾಲ ಒದರತಿದ್ದ. ಹಾಡಲ್ಲ, ಒದರೂದು,
ಬಾವ್ಯಾಗ ಪಾತಾಳಗರಡಿ ಬಿಟ್ಟು
ಸಿಕ್ಕದ್ದನ್ನ ಕೆರಕೊಂಡು ಮ್ಯಾಲ ಎಳದಂಗ.

ಬ್ರೇಕ್‌ಡೌನ್ ಅಂದ್ರ ಹಾಡಿನ ಚೊಲೊ ಭಾಗ ಅಂದ್ರು.
ನನಗ ಗೊತ್ತಿದ್ದ ಬ್ರೇಕ್‌ಡೌನು
ಪಟ್ಟಾ ಹರಿದು, ಮೋಟಾರು ಸುಟ್ಟು,
ದೀವಳಿಗಿ ಮುಂದ ಮೂರು ದಿನ ಬಾಗಲಾ ಹಾಕಿದ್ದು.
ಅವರದು ಬ್ಯಾರೆ. ಎಲ್ಲಾ ಓಡತಿರತೈತಿ,
ಗಕ್ಕನ ನಿಂತು, ಭಾರ ಆಗಿ, ಒಂದೊಂದ ಹೆಜ್ಜಿ,
ನೂರು ಕಿಲೋ ಚೀಲ ಹೊತ್ತ ಹಮಾಲ
ಪಾವಟಿಗಿ ಇಳದಂಗ.
ಅದು ತಿಳೀತು ನನಗ. ನಮ್ಮಪ್ಪ ಹಮಾಲಿ ಮಾಡಿದಾಂವ.

ಮೊದಲನೇ ಸೀಡಿ ಆ ಖೋಲ್ಯಾಗ ಮಾಡಿದ್ರು.
ಡ್ರಮ್ಮಿನ ಮ್ಯಾಲ ಜ್ವಾಳದ ಹಿಟ್ಟು,
ಏಟಿಗೊಮ್ಮೆ ಬೆಳ್ಳನ ಹೊಗಿ.
ತಂತಿ ಸಡಲ ಬಿಟ್ಟು ಬಿಟ್ಟು
ಸ್ವರಾ ಕೆಳಗ ಇಳಸತಿದ್ದ ಕ್ಲೀಟಸ್,
ನಾ ನುಚ್ಚಿಗೆ ಕಲ್ಲು ಸಡಲ ಮಾಡಿದಂಗ.

ಎರಡನೇದಕ್ಕ ಮುಂಬೈಗೆ ಹೋದ್ರು. ಕಾಜಿನ ಖೋಲಿ, ತಂಪು ಗಾಳಿ.
ಅರ್ಧ ಒದರೂದು, ಅರ್ಧ ಹಾಡೂದು,
ಓಣ್ಯಾಗ ಜಗಳಾಡಿ ಒಳಗ ಬಂದು
ಕೂಸಿನ ಮುಂದ ಮಾತಾಡಿದಂಗ.
ಅಂಗಿ ಮ್ಯಾಲಿನ ಅಕ್ಷರದಾಗ ಎರಡು ಓದಾಕ ಬಂದುವು.
ನನಗ ಸೇರಿತು. ಹಳೇ ಅಭಿಮಾನಿ ಹುಡುಗೂರು
ನನ್ನ ಕಟ್ಟಿ ಮ್ಯಾಲ ಕುಂತು ಬೈದ್ರು.
ನನ್ನ ಮಾತಿನಾಗ ಹೇಳೂದಾದ್ರ:
ಜ್ವಾಳ ಬೀಸತಿದ್ರು, ಈಗ ಮೈದಾ.

ಏಜಾಜ ಅದ ವರ್ಷ ಬಿಟ್ಟ.
ಅವರಪ್ಪಗ ಲಕವಾ, ಪಾನ್ ಅಂಗಡಿಗೆ ಯಾರೂ ಇಲ್ಲ.
ಡ್ರಮ್ಮು ಒಯ್ಯಲಿಲ್ಲ.

ಆಮ್ಯಾಲ ಶ್ರೀಪಾಲನ ಗಂಟಲಾಗ ಗಂಟು.
ಆರು ವಾರ ಪಿಟಕ್ ಅನ್ನಬ್ಯಾಡ ಅಂದ ಡಾಕ್ಟರ್.
ಬಂದು ಸುಮ್ಮನ ಕುಂಡ್ರತಿದ್ದ.
ಏನಾರ ಬೇಕಂದ್ರ ಮೇಜಿನ ಮ್ಯಾಲಿನ ಹಿಟ್ಟಿನಾಗ
ಬಳ್ಳಿಲೆ ಬರೀತಿದ್ದ: ನೀರು. ಚಾ.
ಒಮ್ಮೆ ಬರದ: ಕಲ್ಲು ಮೊಂಡ ಆಗಿದ್ದು ಹೆಂಗ ತಿಳೀತೈತಿ?
ಹಿಟ್ಟು ಸುಡಾಕ ಹತ್ತಿದಾಗ, ಅಂದೆ.
ಬೀಸೂದು ಬಿಟ್ಟು ಬರೇ ತಿಕ್ಕಾಕ ಹತ್ತಿದಾಗ.
ಎತ್ತಿ ಮಲಗಿಸಿ, ಉಳಿ ಹೊಡದು, ಮತ್ತ ಹಲ್ಲು ಮಾಡಸಬೇಕಪ್ಪಾ,
ಒಗೀಬಾರ್ದು.
ಅಂಗೈಲೆ ಸವರಿ ಅಳಿಸಿದ.

ಮೂರನೇದಕ್ಕ ತಿರುಗಿ ನನ್ನ ಕಡೆ ಬಂದ್ರು,
ಕೂದಲಾ ಕತ್ತರಿಸಿ, ಕ್ಲೀಟಸನ ಹೆಗಲ ಮ್ಯಾಲ ಮಗಳು.
ಈಗ ಹಾಡು ನಿಧಾನ, ನಡುನಡುವ ಬರೇ ಉಸಿರು.
ಒದರೂದು ಒಂದ ಸಲ, ಕಡೀಕ, ಅದೂ ದೂರದಿಂದ.
"ಗಿರಣಿ ಚಾಲೂ ಆಗೂ ಸಪ್ಪಳ ಬೇಕು, ಕಾಕೂ. ಖಾಲಿ ಕಲ್ಲು."
ಖಾಲಿ ಓಡಸಬಾರ್ದು. ಕಲ್ಲು ಕಲ್ಲನ್ನ ತಿಂತೈತಿ.
ಅವರು ಮೈಕು ಹಚ್ಚಿ ಅತ್ತ ತಿರಗಿದಾಗ
ಒಂದು ಬೊಗಸಿ ಜ್ವಾಳ ಸುರವಿದೆ.
ಹನ್ನೊಂದು ಸೆಕೆಂಡು.

ಸೀಡಿ ಈಗ ಇಲ್ಲ, ಫೋನಿನಾಗ ಬರತೈತಿ.
ಹೆಸರು ಅಂಗಡಿ ಬೋರ್ಡಿನಂಗ ನೆಟ್ಟಗ ಬರದಾರ,
ಎರಡನೇತ್ತೆ ಹುಡುಗೀನೂ ಓದತಾಳ.
ಜಾಲಿಕಂಟಿ ಇದ್ದಾಗನ ಚೊಲೊ ಇತ್ತಂತ ನಾ ಅನ್ನೂದಿಲ್ಲ.

ಏಜಾಜ ಎಲಿಗೆ ಸುಣ್ಣ ಹಚ್ಚತಾ ಅಂದ:
"ಆ ಮೊದಲಿನ ಸಪ್ಪಳದಾಗ ಏನೋ ಐತಿ, ಕಾಕೂ.
ಖಾಲಿ ಅಲ್ಲ ಅದು."
ಎಲಿ ಬಾಯಾಗ ಇಟಗೊಂಡೆ.
ಪಿಟಕ್ ಅನಲಿಲ್ಲ.