ಮಳೆಗಾಲದಲ್ಲಿ ಹಿತ್ತಾಳೆ

ಭದ್ರಾವತಿಯ ಸರ್ಕಾರಿ ಕಾಲೇಜಿನ ಪ್ರಯೋಗಶಾಲೆಗೆ
ನಾನು ಅಟೆಂಡರು, ಸೆಲ್ವರಾಜು. ಇಪ್ಪತ್ತೊಂದು ವರ್ಷ.
ಆಸಿಡ್ ಸಿಡಿದು ತೂತಾದ ಅಂಗಿಗಳ ಲೆಕ್ಕ ಇಟ್ಟಿಲ್ಲ.
ಉಳಿದದ್ದಕ್ಕೆಲ್ಲ ಇದೆ: ಬ್ಯೂರೆಟ್ಟು ಹದಿನಾಲ್ಕು,
ಬಾಯಿ ಮುಕ್ಕಾದ ಬೀಕರು ಮೂವತ್ತು,
ಗೋಡೆಗೆ ಮೂಲಧಾತುಗಳ ಪಟ ಒಂದು.
ಅದರಲ್ಲಿ ಇಪ್ಪತ್ತಾರನೆಯ ಮನೆಯನ್ನು ಹುಳ ತಿಂದಿದೆ.
ಕಬ್ಬಿಣದ ಊರಲ್ಲಿ ಕಬ್ಬಿಣದ ಜಾಗವೇ ಖಾಲಿ ಎಂದು
ಪ್ರತಿ ವರ್ಷ ಯಾವನೋ ಒಬ್ಬ ನಗುತ್ತಾನೆ,
ಅವನಪ್ಪ ಕಾರ್ಖಾನೆಯಲ್ಲಿ ಇದ್ದವನೇ ಆಗಿರುತ್ತಾನೆ.

ಗಾಜಿನ ಪೆಟ್ಟಿಗೆಯೊಳಗೆ ತಕ್ಕಡಿ. ಉಸಿರು ತಾಕಿದರೂ ತೂಗಾಡುತ್ತದೆ.
ನಮ್ಮಮ್ಮ ಸೇರು, ಪಾವು, ಚಟಾಕಿನಲ್ಲಿ ಬಾಳಿದವಳು,
ಅಳೆದ ಅಕ್ಕಿಯ ಮೇಲೆ ಇನ್ನೊಂದು ಹಿಡಿ ಸುರಿಯದಿದ್ದರೆ
ಅದು ಅಳತೆಯೇ ಅಲ್ಲ ಎನ್ನುತ್ತಿದ್ದಳು.
ಇಲ್ಲಿ ಆ ಹಿಡಿಗೆ ಹೆಸರು: ದೋಷ.

ಒಂದು ಸಲ ನೂರು ಮಿಲಿಗ್ರಾಮಿನ ಬೊಟ್ಟು ಕಳೆಯಿತು.
ಉಗುರಿನಷ್ಟು ತಗಡು; ಚಿಮಟದಿಂದ ಜಾರಿತೋ,
ಕಸಬರಿಗೆಯ ಜೊತೆ ಹೋಯಿತೋ.
ಸಂಬಳದಲ್ಲಿ ಹಿಡಿದಾರು ಎಂಬ ಹೆದರಿಕೆ.
ಹಳೇನಗರದ ಮೋನಪ್ಪಾಚಾರಿ ಅಂಗಡಿಗೆ ಹೋದೆ.
ಅವರು ಡಬ್ಬಿಯಿಂದ ಒಂದು ಗುಲಗಂಜಿ ಆರಿಸಿ,
ಅರದಿಂದ ಎರಡು ಸಲ ಉಜ್ಜಿ, ತೂಗಿ, ಮತ್ತೊಮ್ಮೆ ಉಜ್ಜಿ,
‘ತಗೋ, ನಿನ್ನ ಸರ್ಕಾರ’ ಅಂದರು.
ಅದು ಜನವರಿ. ತಕ್ಕಡಿ ಒಪ್ಪಿತು.
ಆರು ವರ್ಷ ಆ ಕೆಂಪು ಬೀಜ
ಬೊಟ್ಟುಗಳ ಸಾಲಿನಲ್ಲಿ ಕೂತಿತ್ತು, ಕರೀ ಕಣ್ಣು ಕೆಳಗೆ ಮಾಡಿ.

ಕುಸುಮಾವತಿ ಮೇಡಂ ಹಲಗೆಯ ಮೇಲೆ ಚುಕ್ಕೆ ಇಟ್ಟು
‘ಈ ಸುಣ್ಣದ ಪರಮಾಣು ಎಣಿಸಲು
ಇಡೀ ಊರು ಕೂತರೂ, ಊರಿನ ಮೊಮ್ಮಕ್ಕಳು ಕೂತರೂ ಆಗದು’ ಎಂದರು.
ಆಮೇಲೆ ಮೆಗ್ನೀಷಿಯಂ ಪಟ್ಟಿ ಸುಟ್ಟರು.
ಕಣ್ಣು ಕುಕ್ಕುವ ಬೆಳಕು; ಆಮೇಲೆ ಬಿಳಿ ಬೂದಿ.
ತೂಗಿದರೆ ಪಟ್ಟಿಗಿಂತ ಬೂದಿಯೇ ಭಾರ!
ಮಕ್ಕಳು ನಂಬಲಿಲ್ಲ. ನಾನೂ, ಮೊದಲ ವರ್ಷ.
‘ಗಾಳಿಯಿಂದ ಬಂದು ಕೂತದ್ದು’ ಎಂದರು ಮೇಡಂ,
‘ಎಲ್ಲಿಗೂ ಹೋಗುವುದಿಲ್ಲ, ಎಲ್ಲಿಂದಲೋ ಬರುತ್ತದೆ, ಅಷ್ಟೇ.’

ಹಿಂದಿನ ಬೆಂಚಿನ ಮುಬೀನಾ ಅದನ್ನು ಬರೆದುಕೊಂಡಳು.
ಮಾತು ಕಡಿಮೆ, ಪೆನ್ಸಿಲ್ ಮೊನೆ ಮಾತ್ರ ಯಾವಾಗಲೂ ಚೂಪು.

ಮೊದಲ ಪ್ರಯೋಗ ಎಲ್ಲರಿಗೂ ಒಂದೇ: ಹಿತ್ತಾಳೆ ಗುಂಡು ತೂಗು.
ಅದೇ ಗುಂಡು, ಅದೇ ತಕ್ಕಡಿ.
ಅವಳು ಹಳೆ ರೆಕಾರ್ಡು ಪುಸ್ತಕಗಳನ್ನೆಲ್ಲ ಕೇಳಿ ಪಡೆದು
ಮೂರು ದಿನ ಊಟದ ಬಿಡುವಿನಲ್ಲಿ ಕೂತು
ನಾಲ್ಕನೆಯ ದಿನ ನನ್ನ ಸ್ಟೂಲಿನ ಹತ್ತಿರ ಬಂದಳು.
‘ಅಣ್ಣಾ, ಜನವರಿಯಲ್ಲಿ ತೂಗಿದವರಿಗೆ ಹದಿನೆಂಟು ಬಿಂದು ಒಂದು ನಾಲ್ಕು ಸೊನ್ನೆ.
ಜುಲೈಯವರಿಗೆ ಒಂದು ಮೂರು ಏಳು.
ಪ್ರತಿ ವರ್ಷ. ಅಷ್ಟೇ ಕಡಿಮೆ.
ಮಳೆಗಾಲದಲ್ಲಿ ಹಿತ್ತಾಳೆ ಹಗುರ ಆಗುತ್ತಾ?’

ಪೆಟ್ಟಿಗೆಯ ಮೂಲೆಯಲ್ಲಿ ಸಿಲಿಕಾ ಹರಳು
ನೀಲಿ ಬಿಟ್ಟು ಗುಲಾಬಿಯಾಗಿತ್ತು,
ಚಾಡಿ ಹೇಳಿದ ಹಾಗೆ.
ಕಿಟಕಿಯಾಚೆ ಭದ್ರೆ ಕೆಂಪಗೆ ಹೋಗುತ್ತಿದ್ದಳು.
ನಾನು ಚಿಮಟ ತೆಗೆದು ಗುಲಗಂಜಿಯನ್ನು ಅವಳ ಅಂಗೈಗೆ ಇಟ್ಟೆ.
ಹಗುರ ಆದದ್ದು ಹಿತ್ತಾಳೆ ಅಲ್ಲ ತಾಯೀ,
ಅರ ತಾಗಿದ ಕಡೆಯಿಂದ ಇದು ನೀರು ಕುಡಿದಿದೆ.
ಮೂರು ಮಿಲಿಗ್ರಾಂ.
ನನ್ನ ಸುಳ್ಳಿನ ತೂಕ
ಅಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ.

ಮೇಡಂಗೆ ಹೇಳುತ್ತಾಳೆಂದುಕೊಂಡೆ. ಹೇಳಿದಳು ಕೂಡ.
ಮೇಡಂ ನಕ್ಕರು, ಆಮೇಲೆ ಬೈದರು,
ಆಮೇಲೆ ಶಿವಮೊಗ್ಗದ ಕಚೇರಿಗೆ ಅರ್ಜಿ ಹೋಯಿತು:
ನೂರು ಮಿಲಿಗ್ರಾಂ, ಒಂದು.
ಎರಡು ಮಳೆಗಾಲ ಕಳೆದಿವೆ. ಉತ್ತರ ಬಂದಿಲ್ಲ.
ಅಲ್ಲಿಯವರೆಗೆ ಸಾಮಾನು ಪುಸ್ತಕದಲ್ಲಿ
ನನ್ನ ಸೊಟ್ಟ ಅಕ್ಷರ: ‘ಗುಲಗಂಜಿ, ಒಂದು.’
ಅದರ ಪಕ್ಕ, ಷರಾ ಎಂಬ ಕಾಲಮ್ಮಿನಲ್ಲಿ,
ಚೂಪು ಪೆನ್ಸಿಲಿನಿಂದ:
‘ಜೂನ್‌ನಿಂದ ಸೆಪ್ಟೆಂಬರ್, ಮೂರು ಕೂಡಿಸಿ.’